ಚೆನ್ನಾಗಿದ್ದೇನೆ ಎನ್ನುವ ಸಾಕ್ಷಿ

(ಮಿದುಳಿಗೆ ಪೆಟ್ಟು ಬಿದ್ದವರ ಮನೆಯವರು ಮತ್ತು ಆರೈಕೆ ಮಾಡುವವರು ಸೇರಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಕಾಲು ಮುರಿದವರು ನ್ಯಾಯಾಲಯಕ್ಕೆ ಕುಂಟುತ್ತ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಅರ್ಧ ಸಾಕ್ಷ್ಯ ಮುಗಿದಿರುತ್ತದೆ. ಮಿದುಳಿಗೆ ಪೆಟ್ಟು ಬಿದ್ದವರು ಹಾಗಲ್ಲ. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ನೆಟ್ಟಗೆ ನಡೆದು ಬಂದು ಕಟಕಟೆಯಲ್ಲಿ ನಿಲ್ಲುತ್ತಾರೆ. ಹೆಸರು, ವಯಸ್ಸು, ಹಿಂದೆ ಮಾಡುತ್ತಿದ್ದ ಕೆಲಸ ಎಲ್ಲವನ್ನೂ ತಡವರಿಸದೆ ಹೇಳುತ್ತಾರೆ. ಎದುರು ಪಕ್ಷದ ವಕೀಲರು ಬಹಳ ಮೃದುವಾಗಿ ‘ಈಗ ಹೇಗಿದ್ದೀರಿ?’ ಎಂದು ಕೇಳುತ್ತಾರೆ. ‘ಚೆನ್ನಾಗಿದ್ದೇನೆ’ ಎಂದು ಉತ್ತರ ಬರುತ್ತದೆ. ಪಾಟೀಸವಾಲು ಅಲ್ಲಿಗೇ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯ ಉತ್ತರ ಎದುರು ಪಕ್ಷಕ್ಕೆ ಬೇಕಿರುವುದಿಲ್ಲ.

ಆ ಉತ್ತರ ಸುಳ್ಳಲ್ಲ ಎಂಬುದೇ ಕಷ್ಟ. ಕೈಗೆ ಪೆಟ್ಟಾದರೆ ಅದನ್ನು ಗುರುತಿಸಲು ಮಿದುಳಿದೆ. ಮಿದುಳಿಗೇ ಪೆಟ್ಟಾದಾಗ, ಅದರಲ್ಲೂ ಹಣೆಯ ಹಿಂದಿನ ಭಾಗ ಘಾಸಿಗೊಂಡಾಗ, ತನಗೇನಾಗಿದೆ ಎಂದು ಅಳೆಯುವ ಶಕ್ತಿಯೇ ಕುಂದಬಹುದು. ವೈದ್ಯರು ಇದನ್ನು ಅನೋಸೊಗ್ನೋಸಿಯಾ ಎನ್ನುತ್ತಾರೆ. ಹೊರಗಿನವರಿಗೆ ಹಟದಂತೆಯೋ ಸಂಕೋಚದಂತೆಯೋ ಕಂಡರೂ ಅದು ಗಾಯದ್ದೇ ಲಕ್ಷಣ. ಸಿಟ್ಟು ಹೆಚ್ಚಾಗಿದೆ ಎಂದು ಮನೆಯವರೆಲ್ಲ ಹೇಳಿದರೆ, ಮನೆಯವರೇ ಬದಲಾಗಿದ್ದಾರೆ ಎಂದು ಗಾಯಾಳುವಿಗೆ ಪ್ರಾಮಾಣಿಕವಾಗಿ ಅನಿಸುತ್ತದೆ. ಒಲೆ ಆರಿಸಲು ಮರೆತದ್ದು ಈ ವಾರ ಎಷ್ಟನೆಯ ಸಲ ಎಂಬ ಲೆಕ್ಕ ಮನೆಯವರ ಹತ್ತಿರವಿದೆ. ಗಾಯಾಳುವಿಗೆ ಒಂದು ಸಲವೂ ನೆನಪಿಲ್ಲ.

ಹೀಗಾಗಿ ಮಿದುಳಿನ ಪೆಟ್ಟಿನ ಮೊಕದ್ದಮೆಯಲ್ಲಿ ಗಾಯಾಳುವೇ ಅತ್ಯಂತ ದುರ್ಬಲ ಸಾಕ್ಷಿ. ಈ ಸಂಗತಿಯನ್ನು ಮೊದಲ ತಿಂಗಳಲ್ಲೇ ಅರ್ಥ ಮಾಡಿಕೊಂಡ ಕುಟುಂಬಕ್ಕೂ, ವಿಚಾರಣೆಯ ದಿನ ಅರ್ಥ ಮಾಡಿಕೊಂಡ ಕುಟುಂಬಕ್ಕೂ ಸಿಗುವ ಪರಿಹಾರದಲ್ಲಿ ಬಹಳ ಅಂತರವಿರುತ್ತದೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ ಎಂಬುದನ್ನು ಮೊದಲೇ ಹೇಳಬೇಕು. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತದ ಗಾಯಕ್ಕೆ, ತಪ್ಪು ಯಾರದೆಂದು ಕೇಳದೆ, ಸಾರ್ವಜನಿಕ ನಿಧಿಯಿಂದ ನೆರವು ಸಿಗುತ್ತದೆ. ಗಾಯದ ಪರಿಹಾರಕ್ಕಾಗಿ ದಾವೆ ಹೂಡುವ ಹಕ್ಕು ಅಲ್ಲಿ ಬಹುಮಟ್ಟಿಗೆ ಇಲ್ಲ. ಭಾರತದಲ್ಲಿ ರಸ್ತೆ ಅಪಘಾತಗಳಿಗೆಂದೇ ನ್ಯಾಯಮಂಡಳಿಗಳಿವೆ. ಇಂಗ್ಲೆಂಡಿನಲ್ಲಿ ಸಿವಿಲ್ ದಾವೆಯ ಹಾದಿ. ಕೆಲಸದ ಸ್ಥಳದಲ್ಲಿ ಆದ ಗಾಯಕ್ಕೆ ಬಹಳ ಕಡೆ ಬೇರೆಯದೇ ಕಾಯ್ದೆ. ಆದರೆ ತಪ್ಪು ಮಾಡಿದವರಿಂದ ಪರಿಹಾರ ಕೇಳುವ ಕಡೆಯಲ್ಲೆಲ್ಲ ಅಡಿಪಾಯ ಹೆಚ್ಚುಕಡಿಮೆ ಒಂದೇ. 1880ರಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಲಾರ್ಡ್ ಬ್ಲ್ಯಾಕ್‌ಬರ್ನ್ ಅದನ್ನು ಹೇಳಿದ್ದರು: ತಪ್ಪು ನಡೆಯದೇ ಇದ್ದಿದ್ದರೆ ಆ ವ್ಯಕ್ತಿ ಯಾವ ಸ್ಥಿತಿಯಲ್ಲಿ ಇರುತ್ತಿದ್ದರೋ, ಹಣದಿಂದ ಆಗುವ ಮಟ್ಟಿಗೆ ಆ ಸ್ಥಿತಿಗೆ ತರುವ ಮೊತ್ತವೇ ಪರಿಹಾರ.

ಓದಲು ಸರಳ. ಆದರೆ ಇದನ್ನು ಸಾಬೀತು ಮಾಡಲು ಇಬ್ಬರು ವ್ಯಕ್ತಿಗಳನ್ನು ನ್ಯಾಯಾಲಯದ ಮುಂದೆ ನಿಲ್ಲಿಸಬೇಕಾಗುತ್ತದೆ: ಪೆಟ್ಟು ಬೀಳದಿದ್ದರೆ ಇರುತ್ತಿದ್ದವರು ಮತ್ತು ಈಗ ಇರುವವರು. ಎರಡನೆಯವರು ಕಟಕಟೆಯಲ್ಲಿ ನಿಂತು ‘ಚೆನ್ನಾಗಿದ್ದೇನೆ’ ಎನ್ನುತ್ತಿದ್ದಾರೆ. ಮೊದಲನೆಯವರನ್ನು ನ್ಯಾಯಾಧೀಶರು ನೋಡಿಯೇ ಇಲ್ಲ.

ಆಸ್ಪತ್ರೆಯ ಕಾಗದಗಳು ಈ ಕೆಲಸ ಮಾಡಿಕೊಡುತ್ತವೆ ಎಂದು ಹೆಚ್ಚಿನವರು ನಂಬಿರುತ್ತಾರೆ. ಅವು ಬೇಕು, ಒಂದನ್ನೂ ಕಳೆದುಕೊಳ್ಳಬಾರದು. ಆದರೆ ಅವು ಯಾವ ಪ್ರಶ್ನೆಗೆ ಉತ್ತರವಾಗಿ ಬರೆದವು ಎಂಬುದು ಗೊತ್ತಿರಬೇಕು. ಬಿಡುಗಡೆ ಪತ್ರದಲ್ಲಿ ಜಿ.ಸಿ.ಎಸ್. (ಗ್ಲಾಸ್ಗೊ ಕೋಮಾ ಸ್ಕೇಲ್) ಎಂದು ಬರೆದು ಒಂದು ಅಂಕ ಕೊಟ್ಟಿರುತ್ತಾರೆ. ಗ್ಲಾಸ್ಗೊ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ನರಶಸ್ತ್ರಚಿಕಿತ್ಸಕರು 1974ರಲ್ಲಿ ಪ್ರಕಟಿಸಿದ ಅಳತೆ ಅದು. ಕಣ್ಣು ತೆರೆಯುವ ರೀತಿ, ಮಾತು, ಕೈಕಾಲಿನ ಚಲನೆ ಇವನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಇದ್ದರೆ ಲಘು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ಹಾಸಿಗೆಯಲ್ಲಿರುವ ರೋಗಿಯ ಪ್ರಜ್ಞೆ ಎಷ್ಟು ಆಳಕ್ಕೆ ಇಳಿದಿದೆ, ಈ ಗಂಟೆಯಲ್ಲಿ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ತಿಳಿಯಲು ಅದು ಅತ್ಯುತ್ತಮ ಸಾಧನ. ಎರಡು ವರ್ಷಗಳ ನಂತರ ಆ ವ್ಯಕ್ತಿ ಅಂಗಡಿಯ ಲೆಕ್ಕ ಬರೆಯಬಲ್ಲರೇ ಎಂದು ಹೇಳಲು ಅದನ್ನು ಮಾಡಿದ್ದಲ್ಲ. ಆದರೂ ವಿಮಾ ಕಂಪನಿಯ ಕಡತದಲ್ಲಿ ‘ಲಘು’ ಎಂಬ ಶಬ್ದದ ಕೆಳಗೆ ಗೆರೆ ಎಳೆದಿರುವುದನ್ನು ಖಂಡಿತ ಕಾಣುತ್ತೀರಿ.

ಸಿ.ಟಿ. ಸ್ಕ್ಯಾನ್ ವಿಷಯವೂ ಇಷ್ಟೇ. ರಕ್ತ ಹೆಪ್ಪುಗಟ್ಟಿದೆಯೇ, ಬುರುಡೆ ಬಿರಿದಿದೆಯೇ, ತಕ್ಷಣ ಶಸ್ತ್ರಚಿಕಿತ್ಸೆ ಬೇಕೇ ಎಂದು ನೋಡಲು ಅದನ್ನು ಮಾಡಿಸುತ್ತಾರೆ. ತಲೆ ರಭಸದಿಂದ ತಿರುಗಿ ನಿಂತಾಗ ಮಿದುಳಿನ ಒಳಗಿನ ನರತಂತುಗಳು ಎಳೆದಂತಾಗಿ ಅಲ್ಲಲ್ಲಿ ಹಾನಿಗೊಳ್ಳುತ್ತವೆ. ಈ ಬಗೆಯ ಹಾನಿ ಸಿ.ಟಿ.ಯಲ್ಲಿ ಹಲವು ಸಲ ಕಾಣುವುದೇ ಇಲ್ಲ. ಸೂಕ್ಷ್ಮ ರಕ್ತಸ್ರಾವದ ಕುರುಹುಗಳನ್ನು ಹಿಡಿಯುವ ವಿಶೇಷ ಎಂಆರ್‌ಐ ವಿಧಾನಗಳಲ್ಲಿ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಅಲ್ಲಿಯೂ ಇಲ್ಲ. ‘ಸ್ಕ್ಯಾನ್ ಸರಿಯಾಗಿದೆ’ ಎಂಬ ವಾಕ್ಯವನ್ನು ವೈದ್ಯರು ಸಮಾಧಾನಕ್ಕೆ ಹೇಳುತ್ತಾರೆ, ಎದುರು ಪಕ್ಷದವರು ಅದನ್ನೇ ವಾದವಾಗಿ ಓದುತ್ತಾರೆ.

ಇದಕ್ಕಿಂತ ಬೆಲೆಬಾಳುವ ಒಂದು ಸಂಗತಿ ಆಸ್ಪತ್ರೆಯ ಕಾಗದದಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಪ್ರಜ್ಞೆ ಬಂದ ಮೇಲೂ ಕೆಲವು ಕಾಲ ರೋಗಿ ಮಾತನಾಡುತ್ತಾರೆ, ಉಣ್ಣುತ್ತಾರೆ, ಬಂದವರನ್ನು ಗುರುತಿಸುತ್ತಾರೆ. ಆದರೆ ನಡೆದದ್ದು ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ನೆನಪು ಮತ್ತೆ ತಡೆಯಿಲ್ಲದೆ ಕೂಡಿಕೊಳ್ಳುವವರೆಗಿನ ಈ ಅವಧಿ ಎಷ್ಟು ಉದ್ದ ಎಂಬುದು ಪೆಟ್ಟಿನ ತೀವ್ರತೆಯನ್ನು ಹೇಳುವ ಒಳ್ಳೆಯ ಸೂಚಕ. ಒಂದು ದಿನ ಮೀರಿದರೆ ಅದು ಲಘು ಪೆಟ್ಟಲ್ಲ, ಒಂದು ವಾರ ಮೀರಿದರೆ ತೀವ್ರ ಎಂಬ ವರ್ಗೀಕರಣ ವ್ಯಾಪಕವಾಗಿ ಬಳಕೆಯಲ್ಲಿದೆ. ಆಸ್ಪತ್ರೆಯ ದಾಖಲೆ ‘ರೋಗಿ ಎಚ್ಚರವಾಗಿದ್ದಾರೆ, ಮಾತನಾಡುತ್ತಿದ್ದಾರೆ’ ಎಂದು ಬರೆದು ಮುಂದೆ ಹೋಗುತ್ತದೆ. ನಿನ್ನೆ ಬಂದು ಹೋದ ಅಣ್ಣನನ್ನು ಇವತ್ತು ‘ಇನ್ನೂ ನೋಡಲು ಬಂದೇ ಇಲ್ಲ’ ಎಂದು ಬೈದದ್ದು ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಅದನ್ನು ತಾರೀಖಿನ ಸಮೇತ ಬರೆದಿಡಿ. ಮುಂದೆ ನರರೋಗ ತಜ್ಞರು ‘ಅಪಘಾತದ ನಂತರ ಮೊದಲು ನೆನಪಿರುವುದು ಏನು? ಅಲ್ಲಿಂದ ಬಿಟ್ಟುಹೋಗದಂತೆ ನೆನಪಿರುವುದು ಯಾವಾಗಿನಿಂದ?’ ಎಂದು ಕೇಳುತ್ತಾರೆ. ಇತರರು ಹೇಳಿ ಕೇಳಿ ತಿಳಿದದ್ದನ್ನೇ ಗಾಯಾಳು ತನ್ನ ನೆನಪೆಂದು ಹೇಳುವ ಅಪಾಯ ಆಗ ಇರುತ್ತದೆ. ನಿಮ್ಮ ಬರವಣಿಗೆ ಅದನ್ನು ತಪ್ಪಿಸುತ್ತದೆ.

ಫಿನಿಯಸ್ ಗೇಜ್ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮಿದುಳಿನ ಬಗ್ಗೆ ಮಾತನಾಡುವವರೆಲ್ಲ ಅವನ ಕಥೆ ಹೇಳುತ್ತಾರೆ. ನಾನು ವಕೀಲರ ಕಣ್ಣಿನಿಂದ ಹೇಳುತ್ತೇನೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1848ರ ಸೆಪ್ಟೆಂಬರ್ 13ರಂದು ರೈಲು ದಾರಿಗಾಗಿ ಬಂಡೆ ಸಿಡಿಸುವಾಗ, ಒಂದು ಮೀಟರಿಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ. ನೋಡಿಕೊಂಡ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಬರೆದ ವರದಿಯಲ್ಲಿ, ಗೆಳೆಯರು ‘ಇವನು ಈಗ ಗೇಜ್ ಅಲ್ಲ’ ಎನ್ನುತ್ತಿದ್ದರು ಎಂಬ ಪ್ರಸಿದ್ಧ ಮಾತಿದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ವರದಿಯ ಇನ್ನೊಂದು ವಾಕ್ಯ. ಗುತ್ತಿಗೆದಾರರು ಅವನನ್ನು ಅಪಘಾತಕ್ಕೆ ಮೊದಲು ತಮ್ಮಲ್ಲಿದ್ದ ಅತ್ಯಂತ ಸಮರ್ಥ ಮೇಸ್ತ್ರಿ ಎಂದು ಎಣಿಸಿದ್ದರು, ನಂತರ ಅವನ ಮನಸ್ಸಿನ ಬದಲಾವಣೆ ಎಷ್ಟು ಎದ್ದು ಕಾಣುತ್ತಿತ್ತೆಂದರೆ ಹಳೆಯ ಕೆಲಸ ಕೊಡಲು ಅವರಿಗೆ ಸಾಧ್ಯವಾಗಲಿಲ್ಲ. ಇದು ಸಾಕ್ಷ್ಯ. ಹಣದಲ್ಲಿ ಪಾಲಿಲ್ಲದ ಹೊರಗಿನವರು, ಮೊದಲು ಹೀಗಿದ್ದ, ಈಗ ಹೀಗಿದ್ದಾನೆ, ಆದ್ದರಿಂದ ಕೆಲಸ ಕೊಡಲಾಗುವುದಿಲ್ಲ ಎಂದು ಹೇಳಿದ್ದಾರೆ. ಗೇಜ್‌ನ ಮಿದುಳನ್ನು ಆಗ ಯಾರೂ ಚಿತ್ರ ತೆಗೆದು ನೋಡಿರಲಿಲ್ಲ.

ಈಗ ಎದುರು ಪಕ್ಷದ ವಕೀಲರು ಏಳುತ್ತಾರೆ. ಗೇಜ್ 1852ರಲ್ಲಿ ಚಿಲಿ ದೇಶಕ್ಕೆ ಹೋಗಿ, ಹಲವಾರು ವರ್ಷ ದೂರದ ಹಾದಿಯಲ್ಲಿ ಕುದುರೆಗಾಡಿ ಓಡಿಸಿದ. ಕುದುರೆಗಳನ್ನು ನೋಡಿಕೊಂಡು, ಪ್ರಯಾಣಿಕರನ್ನು ಸಂಭಾಳಿಸಿಕೊಂಡು, ಹೊತ್ತಿಗೆ ಸರಿಯಾಗಿ ಗಾಡಿ ಹೊರಡಿಸುತ್ತಿದ್ದವನಿಗೆ ಏನು ನಷ್ಟವಾಗಿದೆ, ಸ್ವಾಮಿ? ಈ ಪ್ರಶ್ನೆ ಸುಲಭದ್ದಲ್ಲ. ಇತಿಹಾಸಕಾರರಲ್ಲಿ ಕೆಲವರು, ದಿನವೂ ಒಂದೇ ಕ್ರಮದಲ್ಲಿ ನಡೆಯುವ ಆ ಕೆಲಸವೇ ಅವನನ್ನು ಮತ್ತೆ ನೆಲೆಗೊಳಿಸಿರಬೇಕು ಎನ್ನುತ್ತಾರೆ. ಹಾಗಿದ್ದರೆ ಸರಿಯಾದ ಉತ್ತರ ಇದು: ಹೌದು, ಕಟ್ಟುನಿಟ್ಟಾದ ಚೌಕಟ್ಟಿನಲ್ಲಿ ಅವನು ಕೆಲಸ ಮಾಡಬಲ್ಲ. ಆದರೆ ಆಳುಗಳ ತಂಡವನ್ನು ನಡೆಸುವ, ಗಳಿಗೆಗೊಂದು ನಿರ್ಧಾರ ತೆಗೆದುಕೊಳ್ಳುವ ಮೇಸ್ತ್ರಿಯಾಗಲಾರ. ನಷ್ಟ ಇರುವುದು ಆ ಎರಡರ ನಡುವೆ. ಗಾಯಾಳುವಿಗೆ ಏನೂ ಮಾಡಲಾಗುವುದಿಲ್ಲ ಎಂದು ವಾದಿಸುವ ವಕೀಲರು ಇಲ್ಲೇ ಎಡವುತ್ತಾರೆ. ಒಂದು ಕುದುರೆಗಾಡಿ ಸಿಕ್ಕರೂ ಅವರ ಮೊಕದ್ದಮೆ ಬಿದ್ದುಹೋಗುತ್ತದೆ.

ಇನ್ನು ಪರೀಕ್ಷೆಗಳ ಮಾತು. ನರಮನೋವಿಜ್ಞಾನಿಗಳು ಗಂಟೆಗಟ್ಟಲೆ ಪರೀಕ್ಷೆ ನಡೆಸಿ ನೆನಪು, ಗಮನ, ಯೋಚಿಸುವ ವೇಗ ಇವನ್ನೆಲ್ಲ ಅಳೆಯುತ್ತಾರೆ. ಮಿದುಳಿನ ಪೆಟ್ಟಿನ ದಾವೆಯಲ್ಲಿ ಅವರ ವರದಿ ಬಹಳ ಸಲ ಸ್ಕ್ಯಾನ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಉತ್ತರಿಸುವವರು ಮನಸ್ಸಿಟ್ಟು ಉತ್ತರಿಸುತ್ತಿದ್ದಾರೆಯೇ ಅಥವಾ ಬೇಕೆಂದೇ ತಪ್ಪು ಮಾಡುತ್ತಿದ್ದಾರೆಯೇ ಎಂದು ಹಿಡಿಯುವ ಪರೀಕ್ಷೆಗಳೂ ಅದರಲ್ಲಿ ಸೇರಿರುತ್ತವೆ. ಹೆದರಬೇಕಾಗಿಲ್ಲ. ಪ್ರಾಮಾಣಿಕರಿಗೆ ಅದು ರಕ್ಷಣೆಯೇ. ಆದರೆ ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಒಂದು ಸಲಕ್ಕೆ ಒಂದೇ ಕೆಲಸ, ಏನು ಮಾಡಬೇಕೆಂದು ಹೇಳಲು ಎದುರಿಗೇ ಒಬ್ಬರು. ಜೀವನದಲ್ಲಿ ಅಂಥ ಅನುಕೂಲ ಯಾರಿಗಿದೆ? 1991ರಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಎಂಬ ವಿಜ್ಞಾನಿಗಳು, ತಲೆಗೆ ಪೆಟ್ಟಾಗಿ ಹಣೆಯ ಹಿಂದಿನ ಮಿದುಳು ಹಾನಿಗೊಂಡಿದ್ದ ಮೂವರ ಅಧ್ಯಯನ ಪ್ರಕಟಿಸಿದರು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಮೂವರೂ ಚೆನ್ನಾಗಿಯೇ ಅಂಕ ಪಡೆದವರು. ಅವರಿಗೆ ಒಂದು ಪಟ್ಟಿ ಮತ್ತು ಒಂದಿಷ್ಟು ನಿಯಮ ಕೊಟ್ಟು ಅಂಗಡಿ ಬೀದಿಗೆ ಕಳಿಸಿದರೆ, ಸಣ್ಣಪುಟ್ಟ ಕೆಲಸಗಳನ್ನು ಹೊಂದಿಸಿಕೊಂಡು ಮುಗಿಸಲು ತಡಕಾಡಿದರು, ನಿಯಮ ಮುರಿದರು. ಕೋಣೆಯಲ್ಲಿ ಜಾಣರು, ಬೀದಿಯಲ್ಲಿ ಕಂಗಾಲು.

ಆದ್ದರಿಂದ ತಜ್ಞರ ಹತ್ತಿರ ಹೋಗುವಾಗ ಮನೆಯವರೊಬ್ಬರು ಜೊತೆಗಿರಬೇಕು, ಪರೀಕ್ಷೆಯ ಕೋಣೆಯ ಹೊರಗೆ ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡುವಂತೆ ತಜ್ಞರನ್ನು ಕೇಳಿಕೊಳ್ಳಬೇಕು. ಗಾಯಾಳುವಿನ ಎದುರೇ ‘ಇವರು ಮಗುವಿನಂತಾಗಿದ್ದಾರೆ’ ಎಂದು ಹೇಳುವ ನೋವು ಯಾರಿಗೂ ಬೇಡ.

ಮನೆಯಲ್ಲಿ ಒಂದು ದಿನಚರಿ ಇಡಿ ಎಂದು ಎಲ್ಲ ವಕೀಲರೂ ಹೇಳುತ್ತಾರೆ, ಹೇಗೆ ಎಂದು ಹೇಳುವವರು ಕಡಿಮೆ. ‘ಇವತ್ತೂ ತುಂಬಾ ಮರೆವು, ತುಂಬಾ ಕೋಪ’ ಎಂದು ವರ್ಷವಿಡೀ ಬರೆದರೂ ಪ್ರಯೋಜನ ಅಷ್ಟಕ್ಕಷ್ಟೇ. ನಡೆದದ್ದನ್ನು ಬರೆಯಿರಿ. ಯಾವ ದಿನ, ಏನು ಮಾಡಲು ಹೊರಟರು, ಎಲ್ಲಿ ನಿಂತುಹೋಯಿತು, ಯಾರು ಕೈಹಾಕಿ ಮುಗಿಸಿದರು. ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದ್ದು, ಬಸ್ಸಿನಲ್ಲಿ ಇಳಿಯುವ ಜಾಗ ದಾಟಿ ಹೋದದ್ದು, ನೆಂಟರ ಸದ್ದಿಗೆ ತಡೆಯಲಾಗದೆ ಕೋಣೆ ಸೇರಿ ಬಾಗಿಲು ಹಾಕಿಕೊಂಡದ್ದು. ಒಳ್ಳೆಯ ದಿನಗಳನ್ನೂ ಬರೆಯಿರಿ. ಒಂದೂ ಒಳ್ಳೆಯ ದಿನವಿಲ್ಲದ ದಿನಚರಿಯನ್ನು ನ್ಯಾಯಾಧೀಶರು ನಂಬುವುದಿಲ್ಲ, ನಂಬಲೂ ಬಾರದು.

ಇನ್ನು ಪೆಟ್ಟಿಗೆ ಮೊದಲಿನ ಆ ವ್ಯಕ್ತಿ. ಅವರನ್ನು ಕಾಗದ ಮತ್ತು ಜನರ ಮೂಲಕ ಮಾತ್ರ ಕರೆತರಬಹುದು. ಕೆಲಸದ ಸ್ಥಳದ ಮೌಲ್ಯಮಾಪನಗಳು, ಹಾಜರಿ, ಬಡ್ತಿಯ ಪತ್ರ, ಶಾಲೆಯ ಅಂಕಪಟ್ಟಿ, ಅವರೇ ಬರೆದ ಲೆಕ್ಕದ ಪುಸ್ತಕ, ಮೊಬೈಲಿನಲ್ಲಿ ಅವರು ಕಳಿಸಿದ್ದ ಉದ್ದನೆಯ ಸಂದೇಶಗಳು, ಯಾವುದೋ ಸಮಾರಂಭದಲ್ಲಿ ಅವರು ನಾಲ್ಕು ಮಾತಾಡಿದ ವಿಡಿಯೊ. ಇಂಥವು ಬೇಗ ಕಳೆದುಹೋಗುತ್ತವೆ, ಹಳೆಯ ಮೊಬೈಲ್ ಮಾರಿಬಿಡುತ್ತಾರೆ. ಜನರಲ್ಲಿ ಹೆಂಡತಿ, ಗಂಡ, ತಾಯಿ ಇವರ ಮಾತಿಗೆ ಬೆಲೆಯಿದೆ, ಆದರೆ ‘ಹಣ ಬಂದರೆ ನಿಮಗೂ ಅನುಕೂಲ ಅಲ್ಲವೇ?’ ಎಂಬ ಪ್ರಶ್ನೆ ಅವರಿಗೆ ಕಾದಿರುತ್ತದೆ. ಗೇಜ್‌ಗೆ ಗುತ್ತಿಗೆದಾರರು ಇದ್ದಂತೆ, ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರೋ, ವ್ಯಾಪಾರದಲ್ಲಿ ವರ್ಷಗಟ್ಟಲೆ ವ್ಯವಹರಿಸಿದವರೋ ಬೇಕು.

ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಎಷ್ಟು ಶೇಕಡಾ ಬರೆದಿದ್ದಾರೆ ಎಂಬುದನ್ನೇ ಜನ ಹಿಡಿದುಕೊಂಡಿರುತ್ತಾರೆ. ಈ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನಲ್ಲಿ ಕೊಟ್ಟ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು ಎಲ್ಲ ದೇಶದವರೂ ಓದಬಹುದಾದಷ್ಟು ತಿಳಿಯಾಗಿದೆ. ವೈದ್ಯರು ಹೇಳುವ ದೈಹಿಕ ನ್ಯೂನತೆಯ ಶೇಕಡಾವನ್ನೇ ಸಂಪಾದನೆಯ ನಷ್ಟದ ಶೇಕಡಾ ಎಂದು ತೆಗೆದುಕೊಳ್ಳುವ ಹಾಗಿಲ್ಲ ಎನ್ನುತ್ತದೆ ಅದು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಸಂಪಾದನೆ ಬಹುತೇಕ ಪೂರ್ತಿ ಹೋಗುತ್ತದೆ. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಹಿಂದೆ ಏನು ಕೆಲಸ, ಎಷ್ಟು ವಯಸ್ಸು, ಈಗ ಏನು ಮಾಡಬಲ್ಲರು, ಏನು ಮಾಡಲಾರರು ಎಂದು ನೋಡಬೇಕು. ಮಿದುಳಿನ ಪೆಟ್ಟಿಗೆ ಈ ಮಾತು ಇನ್ನೂ ಹೆಚ್ಚಾಗಿ ಹೊಂದುತ್ತದೆ. ಯೋಚನೆ ಸ್ವಲ್ಪ ನಿಧಾನವಾದರೆ ತೋಟದ ಕೆಲಸ ನಡೆಯಬಹುದು, ಪಾಠ ಹೇಳುವುದು ನಿಂತೇಹೋಗಬಹುದು.

ಸಂಪಾದನೆಗಿಂತ ದೊಡ್ಡ ಬಾಬತ್ತು ಹಲವು ಪ್ರಕರಣಗಳಲ್ಲಿ ಆರೈಕೆಯದು. ಅದನ್ನೇ ಕುಟುಂಬಗಳು ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಅಮ್ಮ ನೋಡಿಕೊಳ್ಳುತ್ತಾರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅಮ್ಮ ನೋಡಿಕೊಂಡರೂ ಆ ಅಗತ್ಯ ಹುಟ್ಟಿದ್ದು ಗಾಯದಿಂದಲೇ, ಆದ್ದರಿಂದ ಅದು ಗಾಯಾಳುವಿನ ನಷ್ಟವೇ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1973ರಲ್ಲೇ ಹೇಳಿತ್ತು. ಭಾರತದ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪೊಂದರಲ್ಲಿ, ಅಪಘಾತದ ವೇಳೆ 12 ವರ್ಷದವಳಾಗಿದ್ದ ಹುಡುಗಿಯ ಮಿದುಳಿಗೆ ಆದ ಹಾನಿ ಎಷ್ಟಿತ್ತೆಂದರೆ ಅವಳ ನಡವಳಿಕೆಯ ವಯಸ್ಸು 9 ತಿಂಗಳ ಮಗುವಿನದು ಎಂದು ವೈದ್ಯರು ಹೇಳಿದ್ದರು. ಒಬ್ಬರೇ ಆಳು 24 ಗಂಟೆ ನೋಡಿಕೊಳ್ಳುವುದು ಸಾಧ್ಯವಿಲ್ಲ ಎಂದು ನ್ಯಾಯಾಲಯ ಕಂಡುಕೊಂಡು, ಇಬ್ಬರು ಸಹಾಯಕರಿಗೆ ತಿಂಗಳಿಗೆ ತಲಾ 5,000 ರೂಪಾಯಿಯಂತೆ, ವರ್ಷದ ಮೊತ್ತವನ್ನು 18ರಿಂದ ಗುಣಿಸಿ, ಆರೈಕೆಗೇ 21.6 ಲಕ್ಷ ಕೊಟ್ಟಿತು. ನ್ಯಾಯಮಂಡಳಿ ಕೊಟ್ಟಿದ್ದ ಒಟ್ಟು ಪರಿಹಾರ ಸುಮಾರು 11 ಲಕ್ಷ, ಹೈಕೋರ್ಟ್ ಕೊಟ್ಟದ್ದು ಸುಮಾರು 25.78 ಲಕ್ಷ, ಸುಪ್ರೀಂ ಕೋರ್ಟಿನಲ್ಲಿ 62.27 ಲಕ್ಷವಾಯಿತು. ಗಾಯ ಬದಲಾಗಿರಲಿಲ್ಲ. ಅಪಘಾತ 2007ರದ್ದು ಎಂಬುದನ್ನೂ ಗಮನಿಸಿ.

ಇನ್ನು ರಾಜಿ. ಬಹುಪಾಲು ದಾವೆಗಳು ಅಲ್ಲೇ ಮುಗಿಯುತ್ತವೆ. ಅದರಲ್ಲಿ ತಪ್ಪಿಲ್ಲ, ಅವಸರದಲ್ಲಿ ತಪ್ಪಿದೆ. ಆಸ್ಪತ್ರೆಯ ಸಾಲ ತಲೆಯ ಮೇಲಿರುವ ಹೊತ್ತಿಗೇ ಮೊದಲ ಕೊಡುಗೆ ಬರುತ್ತದೆ. ಆದರೆ ಮಿದುಳು ಆ ಹೊತ್ತಿಗೆ ತನ್ನ ಲೆಕ್ಕ ಮುಗಿಸಿರುವುದಿಲ್ಲ. ಪೆಟ್ಟಿನ ನಂತರದ ಅಪಸ್ಮಾರದ ಬಗ್ಗೆ ಅಮೆರಿಕದಲ್ಲಿ 4,541 ಮಂದಿಯನ್ನು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 30 ವರ್ಷಗಳ ಅವಧಿಯಲ್ಲಿ ಲಘು ಪೆಟ್ಟಾದವರಲ್ಲಿ ಶೇ 2.1, ಮಧ್ಯಮ ಪೆಟ್ಟಿನವರಲ್ಲಿ ಶೇ 4.2, ತೀವ್ರ ಪೆಟ್ಟಿನವರಲ್ಲಿ ಶೇ 16.7 ಮಂದಿಗೆ ಅಪಸ್ಮಾರ ಕಾಣಿಸಿಕೊಳ್ಳುವ ಸಂಭವವಿದೆ. ಮಕ್ಕಳಲ್ಲಿ ಇನ್ನೂ ನಿಧಾನ. ಆರನೆಯ ವಯಸ್ಸಿನಲ್ಲಿ ಬಿದ್ದ ಪೆಟ್ಟಿನ ಪರಿಣಾಮ, ಸ್ವಂತ ಯೋಜನೆ ಹಾಕಿಕೊಂಡು ಓದಬೇಕಾದ ಹದಿಮೂರು ಹದಿನಾಲ್ಕರಲ್ಲಿ ಎದ್ದು ಕಾಣಬಹುದು. ಹೀಗೆ ಮುಂದೆ ಬರಬಹುದಾದ ನಿರ್ದಿಷ್ಟ ಕಾಯಿಲೆಗೆ ಮತ್ತೆ ನ್ಯಾಯಾಲಯಕ್ಕೆ ಬರುವ ಅವಕಾಶ ಇಟ್ಟುಕೊಂಡು ಪರಿಹಾರ ಪಡೆಯುವ ವ್ಯವಸ್ಥೆ ಇಂಗ್ಲೆಂಡಿನಲ್ಲಿ 1985ರಿಂದ ಇದೆ. ಅಂಥದ್ದು ಇಲ್ಲದ ಕಡೆ, ಸಹಿ ಹಾಕಿದ ದಿನವೇ ಬಾಗಿಲು ಮುಚ್ಚುತ್ತದೆ.

ಹಾಗೆಂದು ಕಾಯುತ್ತ ಕೂರಲೂ ಆಗದು, ಕಾಲಮಿತಿ ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಭಾರತದ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ, 2022ರ ಏಪ್ರಿಲ್ 1ರಿಂದ, 6 ತಿಂಗಳ ಮಿತಿ ಹಾಕಿದ್ದಾರೆ. ಮಿದುಳಿನ ಪೆಟ್ಟಿಗೆ ಆರು ತಿಂಗಳೆಂದರೆ ಏನೇನೂ ಅಲ್ಲ. ಅರ್ಜಿಯನ್ನು ಬೇಗ ಹಾಕಿ, ಅಂತಿಮ ಲೆಕ್ಕವನ್ನು ತಡವಾಗಿ ಕೊಡುವುದೇ ಇದಕ್ಕಿರುವ ದಾರಿ. ಮಧ್ಯಂತರ ಪರಿಹಾರ ಕೇಳುವ ಅವಕಾಶವಿದ್ದರೆ ಅದನ್ನು ಬಳಸಿಕೊಂಡು ಚಿಕಿತ್ಸೆ ನಡೆಸಬೇಕು.

ರಾಜಿಯ ಬಗ್ಗೆ ಒಂದು ಪ್ರಕರಣ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 1999ರಲ್ಲಿ ರಸ್ತೆ ದಾಟುತ್ತಿದ್ದ ಮಹಿಳೆಗೆ ಮೋಟಾರ್ ಸೈಕಲ್ ಬಡಿದು ತಲೆಗೆ ತೀವ್ರ ಪೆಟ್ಟಾಯಿತು. 2003ರಲ್ಲಿ, ವಿಚಾರಣೆಯ ದಿನ ನ್ಯಾಯಾಲಯದ ಬಾಗಿಲಲ್ಲೇ 12,500 ಪೌಂಡಿಗೆ ರಾಜಿಯಾಯಿತು. ಆಕೆ ಒಪ್ಪಿದರು. ಒಪ್ಪಿದರೆಂದರೆ ‘ಚೆನ್ನಾಗಿದ್ದೇನೆ’ ಎನ್ನುವ ಅದೇ ಧಾಟಿಯಲ್ಲಿ ಒಪ್ಪಿರಬಹುದು. ಹೊಸ ವಕೀಲರು ನೋಡಿದಾಗ, ದಾವೆಯ ನಿಜವಾದ ಬೆಲೆ ಅದರ ಹತ್ತಾರು ಪಟ್ಟು ಎಂಬುದು ಅವರ ವಾದವಾಯಿತು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಲೇಡಿ ಹೇಲ್ ಬರೆದ ತೀರ್ಪು ಆ ರಾಜಿಯನ್ನು ಎತ್ತಿಹಿಡಿಯಲಿಲ್ಲ. ವಕೀಲರು ಚಿಕ್ಕದಾಗಿ ಬರೆದುಕೊಂಡ ದಾವೆಯನ್ನು ನಡೆಸುವ ಸಾಮರ್ಥ್ಯ ಆಕೆಗೆ ಇತ್ತೇ ಎಂದು ಕೇಳಿದರೆ ಸಾಲದು, ಆಕೆಗೆ ನಿಜವಾಗಿ ಇದ್ದ ದಾವೆಯನ್ನು ನಡೆಸುವ ಸಾಮರ್ಥ್ಯ ಇತ್ತೇ ಎಂದು ಕೇಳಬೇಕು. ಆ ಸಾಮರ್ಥ್ಯ ಇರಲಿಲ್ಲವಾದ್ದರಿಂದ, ನ್ಯಾಯಾಲಯದ ಅನುಮೋದನೆಯಿಲ್ಲದ ರಾಜಿ ನಿಲ್ಲುವುದಿಲ್ಲ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯೂ, ತನ್ನ ಹಿತ ಕಾಯ್ದುಕೊಳ್ಳಲು ಮಾನಸಿಕವಾಗಿ ಅಸಮರ್ಥರಾದವರ ಪರವಾಗಿ ಬೇರೊಬ್ಬರು ದಾವೆ ನಡೆಸಬೇಕು, ರಾಜಿಗೆ ನ್ಯಾಯಾಲಯದ ಅನುಮತಿ ಬೇಕು ಎನ್ನುತ್ತದೆ. ನಿಮ್ಮ ವಕೀಲರಿಗೆ ಮೊದಲ ಭೇಟಿಯಲ್ಲೇ ಈ ಪ್ರಶ್ನೆ ಕೇಳಿ: ಇವರು ತಮ್ಮ ದಾವೆಯನ್ನು ತಾವೇ ನಡೆಸಬಲ್ಲರೇ? ಪ್ರಶ್ನೆ ಅರ್ಥವಾಗದ ವಕೀಲರಾದರೆ ಬೇರೆಯವರನ್ನು ಹುಡುಕುವುದು ಲೇಸು.

ಹಿಂಬಾಲಿಸಿ ವಿಡಿಯೊ ತೆಗೆಯುವುದು ದೊಡ್ಡ ಮೊತ್ತದ ದಾವೆಗಳಲ್ಲಿ ಸಾಮಾನ್ಯ. ಸಾಮಾಜಿಕ ಜಾಲತಾಣದ ಫೋಟೊಗಳೂ ಬರುತ್ತವೆ. ಮದುವೆ ಮನೆಯಲ್ಲಿ ನಗುತ್ತಿರುವ ಹತ್ತು ನಿಮಿಷ ಇರುತ್ತದೆ, ಮರುದಿನವೆಲ್ಲ ಕತ್ತಲೆ ಕೋಣೆಯಲ್ಲಿ ಮಲಗಿದ್ದು ಇರುವುದಿಲ್ಲ. ಮೊದಲಿನಿಂದಲೂ ಅಳತೆ ಮೀರದೆ ಹೇಳಿದ್ದರೆ ವಿಡಿಯೊದಿಂದ ಏನೂ ಆಗದು. ಇಂಗ್ಲೆಂಡಿನಲ್ಲಿ 2015ರಿಂದ, ಮೂಲದಲ್ಲೇ ಅಪ್ರಾಮಾಣಿಕತೆ ಇದೆ ಎಂದು ಕಂಡುಬಂದರೆ, ನಿಜವಾದ ಗಾಯಕ್ಕೆ ಸಿಗಬೇಕಾದ್ದನ್ನೂ ಸೇರಿಸಿ ಇಡೀ ದಾವೆಯನ್ನು ವಜಾ ಮಾಡಬಹುದು.

ಲೆಕ್ಕಾಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೋಷ್ಟಕಗಳು ಇವೆ, ವಕೀಲರು ನೋಡಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ಬಳಿಕ ಹೃದಯ ನಿಂತು ಮಿದುಳು ಹಾನಿಗೊಂಡ ವೈದ್ಯೆಯೊಬ್ಬರ ಪ್ರಕರಣದಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ 1979ರಲ್ಲಿ ಹೇಳಿದ್ದು ಇಷ್ಟು: ಒಂದು ಮಾತ್ರ ಖಚಿತ, ಕೊಟ್ಟ ಪರಿಹಾರ ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಭವಿಷ್ಯ ತೋರಿಸಿಕೊಡುತ್ತದೆ. ಒಂದೇ ಗಂಟಿನಲ್ಲಿ ಕೊಡುವ ಪದ್ಧತಿಯ ಈ ದೋಷಕ್ಕೆ ಉತ್ತರವಾಗಿ, 2005ರಿಂದ ಇಂಗ್ಲೆಂಡಿನ ನ್ಯಾಯಾಲಯಗಳು ಜೀವನಪೂರ್ತಿ ಕಂತಿನಲ್ಲಿ ಕೊಡುವಂತೆ ತಾವಾಗಿಯೇ ಆದೇಶಿಸಬಹುದು. ಇದು ಎಲ್ಲೆಡೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆಗಳು.

ಹೆಲ್ಮೆಟ್ ಹಾಕಿರಲಿಲ್ಲ, ಪರಿಹಾರ ಸಿಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅಪಘಾತಕ್ಕೆ ಕಾರಣ ಇನ್ನೊಬ್ಬರಾದರೆ ಸಿಗುತ್ತದೆ, ಕಡಿತವಾಗಬಹುದು. ಸೀಟ್ ಬೆಲ್ಟ್ ಬಗ್ಗೆ 1975ರಲ್ಲಿ ಇಂಗ್ಲೆಂಡಿನಲ್ಲಿ ಹಾಕಿಕೊಟ್ಟ ಅಳತೆಯಲ್ಲಿ, ಬೆಲ್ಟ್ ಇದ್ದಿದ್ದರೆ ಗಾಯವೇ ಆಗುತ್ತಿರಲಿಲ್ಲ ಎಂದಾದರೆ ಶೇ 25, ಕಡಿಮೆಯಾಗುತ್ತಿತ್ತು ಎಂದಾದರೆ ಶೇ 15, ಇದ್ದರೂ ಅಷ್ಟೇ ಆಗುತ್ತಿತ್ತು ಎಂದಾದರೆ ಕಡಿತವೇ ಇಲ್ಲ. ಬೇರೆ ದೇಶಗಳಲ್ಲಿ ಅಂಕಿಗಳು ಬೇರೆ, ಕೇಳುವ ಪ್ರಶ್ನೆ ಇಂಥದ್ದೇ.

ಮೊದಲೇ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಹೇಳಬೇಕೇ ಎಂಬುದು ಇನ್ನೊಬ್ಬರ ಅಳುಕು. ಹೇಳಲೇಬೇಕು. ಹಳೆಯ ದಾಖಲೆಗಳು ಹೇಗೂ ಹೊರಬರುತ್ತವೆ. ಅಸಾಮಾನ್ಯವಾಗಿ ತೆಳ್ಳನೆಯ ಬುರುಡೆ ಇದ್ದದ್ದರಿಂದ ಹೆಚ್ಚು ಪೆಟ್ಟಾಯಿತು ಎಂಬುದು ತಪ್ಪು ಮಾಡಿದವರಿಗೆ ಸಬೂಬಾಗುವುದಿಲ್ಲ ಎಂದು 1901ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಲಯ ಹೇಳಿದೆ. ಮೊದಲಿದ್ದ ತೊಂದರೆ ಎಷ್ಟು, ಪೆಟ್ಟಿನಿಂದ ಸೇರಿದ್ದು ಎಷ್ಟು ಎಂದು ಬಿಡಿಸಿ ಹೇಳುವುದು ತಜ್ಞರ ಕೆಲಸ. ಮುಚ್ಚಿಟ್ಟರೆ ಅವರೂ ಕೈಚೆಲ್ಲುತ್ತಾರೆ.

ಹಿಂದಿನ ಸಾಲಿನ ತಾಯಿಯೊಬ್ಬರು, ‘ಹಣ ಬಂದ ಮೇಲೆ ಮಗ ಒಂದೇ ತಿಂಗಳಲ್ಲಿ ಖರ್ಚು ಮಾಡಿಬಿಟ್ಟರೆ?’ ಎಂದರು. ಬಹಳ ನಿಜವಾದ ಭಯ. ಮುಂದಾಲೋಚನೆ ಕುಂದುವುದು, ಕೇಳಿದವರಿಗೆಲ್ಲ ಕೊಟ್ಟುಬಿಡುವುದು ಇವೂ ಗಾಯದ ಭಾಗವೇ. ಭಾರತದಲ್ಲಿ 1990ರ ದಶಕದ ಸುಪ್ರೀಂ ಕೋರ್ಟ್ ಮಾರ್ಗಸೂಚಿಯ ನಂತರ, ಅಗತ್ಯ ಕಂಡಲ್ಲಿ ಪರಿಹಾರದ ಹಣವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಿಸಿ ಬಡ್ಡಿ ಮಾತ್ರ ಕೈಗೆ ಸಿಗುವಂತೆ ನ್ಯಾಯಮಂಡಳಿಗಳು ಆದೇಶಿಸುತ್ತವೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಪ್ರತ್ಯೇಕ ನ್ಯಾಯಾಲಯವಿದ್ದು, ಅದು ನೇಮಿಸಿದವರು ಹಣ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಮನೆಯವರೇ ಆದರೂ ಲೆಕ್ಕ ಬರೆದಿಡಬೇಕು, ಕೇಳಿದಾಗ ತೋರಿಸಬೇಕು. ಎಷ್ಟು ಹಣ ಮಗನ ಕೈಯಲ್ಲಿರಬೇಕು ಎಂಬುದನ್ನು ತೀರ್ಪು ಬರುವ ಮೊದಲೇ ಅವನನ್ನೂ ಕೂರಿಸಿಕೊಂಡು ಮಾತನಾಡಿ, ನಿಮ್ಮ ವಕೀಲರ ಮೂಲಕ ನ್ಯಾಯಾಲಯಕ್ಕೆ ತಿಳಿಸಿ. ಆದೇಶ ಬಂದ ಮೇಲೆ ಅದನ್ನು ಬದಲಾಯಿಸಿಕೊಳ್ಳುವುದು ಕಷ್ಟ.